ನೂರ ತೊಂಬತ್ತು ಲೇಟ್

ತೂಕ ಮತ್ತು ಅಳತೆ ಕಚೇರಿಯಲ್ಲಿ ಸುಳ್ಳು ಹೇಳುವುದು ಸುಲಭವಲ್ಲ. ಅಂಗಡಿಯವರ ತಕ್ಕಡಿ ಹತ್ತು ಗ್ರಾಂ ಆಚೀಚೆ ಆದರೂ ಹಿಡಿಯುವುದು ನಮ್ಮ ಹೊಟ್ಟೆಪಾಡು. ಹಾಗಾಗಿ ಪಕ್ಕದ ಮೇಜಿನವನು "ರಾತ್ರಿ ನಿದ್ದೆ ಬರಲಿಲ್ಲ" ಎಂದರೂ ನಾವು ಆ ಮಾತನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿಯೇ ನಂಬುವುದು. ಇಂಥ ಕಚೇರಿಯಲ್ಲಿ, ಹಾಡಹಗಲೇ, ಹನ್ನೊಂದು ಜನರ ಎದುರಿಗೆ ನಮ್ಮ ತಕ್ಕಡಿಯಣ್ಣ ಒಂದು ಸುಳ್ಳು ಹೇಳಿದರು. ಸುಳ್ಳು ಅಂದರೆ ಪೂರ್ತಿ ಸುಳ್ಳೂ ಅಲ್ಲ. ತೂಕದಲ್ಲಿ ಸ್ವಲ್ಪ ಕಡಿಮೆ ಇದ್ದ ನಿಜ.

ತಕ್ಕಡಿಯಣ್ಣ ಅಂದರೆ ನಮ್ಮ ಮುದ್ರೆ ವಿಭಾಗದ ಮುಖ್ಯಸ್ಥರು. ವಯಸ್ಸು ನಲವತ್ತೊಂಬತ್ತು. ಇಪ್ಪತ್ತಾರು ವರ್ಷದಿಂದ ತಕ್ಕಡಿ, ತೂಕದ ಬಟ್ಟು, ಲೀಟರ್ ಅಳತೆ ಎಲ್ಲವನ್ನೂ ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಿದ್ದಾರೆ. ಅವರ ಮೇಜಿಗೆ ತಾಗಿಕೊಂಡೇ ನನ್ನ ಮೇಜು. ಅವರಿಗೆ ತಿಳಿಯದೆ ನನ್ನ ಕಡೆಯಿಂದ ಒಂದು ಗುಂಡುಸೂಜಿ ಅವರ ಕಡೆಗೆ ಹೋದದ್ದಿಲ್ಲ.

ಆ ದಿನ ಮಧ್ಯಾಹ್ನ ಚಹಾ ಹೊತ್ತಿಗೆ ನಮ್ಮ ಹೊಸ ನಿರ್ದೇಶಕರು ಕೋಣೆಯಿಂದ ಹೊರಗೆ ಬಂದರು. ಹಿಂದಿನ ನಿರ್ದೇಶಕರು ಕೊಡೆ ಇಡುತ್ತಿದ್ದ ಮೂಲೆಯಲ್ಲಿ ಇವರು ಬೇಸ್‌ಬಾಲ್ ಬ್ಯಾಟು ಇಟ್ಟಿದ್ದರು. ಅದು ನಮಗೆಲ್ಲ ಗೊತ್ತಿತ್ತು. ಯಾಕೆ ಇಟ್ಟಿದ್ದಾರೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಅಂಚೆ ಕಚೇರಿಯವರು ನಮ್ಮನ್ನ ಮ್ಯಾಚಿಗೆ ಕರೆದಿದಾರೆ," ಎಂದರು. "ಎರಡು ವಾರ ಟೈಮಿದೆ. ನಿಮ್ಮಲ್ಲಿ ಬೇಸ್‌ಬಾಲ್ ಆಡಿದವರು ಯಾರಿದೀರಾ?"

ಹತ್ತು ಜನ ಚಹಾದ ಲೋಟದೊಳಗೆ ಇಣುಕಿ ನೋಡಿದರು. ಹನ್ನೊಂದನೆಯವರು ಗಂಟಲು ಸರಿಮಾಡಿಕೊಂಡರು.

"ಕಾಲೇಜಲ್ಲಿ ಟೀಮ್ ಜೊತೆ ಇದ್ದೆ ಸಾರ್," ಎಂದರು ತಕ್ಕಡಿಯಣ್ಣ. "ಮೂರು ವರ್ಷ."

"ಭೇಷ್! ಬ್ಯಾಟಿಂಗಾ?"

"ಎಲ್ಲಾ ನಾನೇ ನೋಡ್ಕೋತಿದ್ದೆ ಸಾರ್."

"ಟೈಮಿಂಗ್ ಹೇಗಿತ್ತು?"

"ನನ್ನ ಟೈಮಿಂಗ್ ಬಗ್ಗೆ ಯಾರೂ ಒಂದು ಮಾತು ಆಡಿದ್ದಿಲ್ಲ ಸಾರ್."

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವರು ಮೂರು ವರ್ಷ ತಂಡದ ಜೊತೆ ಇದ್ದದ್ದು ನಿಜ. ಕೈಬರಹ ದುಂಡಗಿದ್ದ ಕಾರಣ ಸ್ಕೋರು ಬರೆಯಲು ಇಟ್ಟುಕೊಂಡಿದ್ದರು. ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು, ಅಂದರೆ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ಟೈಮಿಂಗ್ ಬಗ್ಗೆ ಯಾರೂ ಮಾತಾಡದ್ದೂ ನಿಜ. ಸರಿಯಾದ ಹೊತ್ತಿಗೆ ಪೆನ್ನು ಹಿಡಿದು ಹಾಜರಾಗುವವರ ಬಗ್ಗೆ ಯಾರು ತಾನೇ ಏನು ಹೇಳುತ್ತಾರೆ?

ಬೇಸ್‌ಬಾಲ್ ನೋಡದವರಿಗೆ ಎರಡು ಮಾತು. ಒನಕೆಯ ಹಾಗೆ ದುಂಡಗಿರುವ ಬ್ಯಾಟು. ಚೆಂಡು ನೆಲಕ್ಕೆ ಬೀಳದೆ ನೇರವಾಗಿ ಬರುತ್ತದೆ. ಎಸೆದವನ ಕೈಬಿಟ್ಟು ನಿಮ್ಮ ಮುಂದೆ ಬರಲು ಅದಕ್ಕೆ ಅರ್ಧ ಸೆಕೆಂಡೂ ಬೇಡ. ಅಷ್ಟರಲ್ಲಿ ನೋಡಿ, ಯೋಚಿಸಿ, ಬೀಸಬೇಕು. ಮೂರು ಸಲ ತಪ್ಪಿದರೆ ಔಟ್. ಹೊಡೆದರೆ ಬ್ಯಾಟು ಬಿಸಾಡಿ ಓಡಬೇಕು. ಮೈದಾನದಲ್ಲಿ ಮೂರು ಮೂಲೆಗೆ ಮೂರು ದಿಂಬಿನಂಥ ಬೇಸುಗಳಿರುತ್ತವೆ, ಅವನ್ನೆಲ್ಲ ಮುಟ್ಟಿ ಹೊರಟ ಜಾಗಕ್ಕೇ ಬಂದರೆ ಒಂದು ರನ್ನು.

ಮರುದಿನ ನಿರ್ದೇಶಕರು ತಕ್ಕಡಿಯಣ್ಣನನ್ನು ಒಳಗೆ ಕರೆದು, ಒಂದು ಬ್ಯಾಟು, ಒಂದು ಉದ್ದನೆಯ ಪೆಟ್ಟಿಗೆ ಕೊಟ್ಟರು. ತಂಡಕ್ಕೆ ಸೇರಿಸಿಕೊಂಡ ನಮಗೂ ಆಮೇಲೆ ಅಂಥದ್ದೇ ಒಂದೊಂದು ಪೆಟ್ಟಿಗೆ ಸಿಕ್ಕಿತು. ಅದರಲ್ಲಿದ್ದದ್ದು ಟೈಮಿಂಗ್ ಯಂತ್ರ. ಎರಡು ಭಾಗ. ಒಂದು, ಆಳೆತ್ತರದ ಕೋಲು; ಅದರ ತುಂಬ ಸಾಲಾಗಿ ಪುಟ್ಟ ದೀಪಗಳು. ಗುಂಡಿ ಒತ್ತಿದರೆ ದೀಪಗಳು ಮೇಲಿಂದ ಕೆಳಕ್ಕೆ ಟಿಕ್ ಟಿಕ್ ಟಿಕ್ ಎಂದು ಒಂದೊಂದಾಗಿ ಹೊತ್ತಿಕೊಳ್ಳುತ್ತ ಬರುತ್ತವೆ, ಚೆಂಡು ಬಂದ ಹಾಗೆ. ಕೊನೆಯ ದೀಪ ಹೊತ್ತಿದಾಗ "ಪೀಂ" ಎನ್ನುತ್ತದೆ. ಆ ಪೀಂ ಮತ್ತು ನಿಮ್ಮ ಬೀಸು ಒಟ್ಟಿಗೇ ಬರಬೇಕು. ಎರಡನೆಯದು, ಬಾಟಲಿ ಮುಚ್ಚಳದಷ್ಟು ದೊಡ್ಡ ಬಿಲ್ಲೆ. ಅದನ್ನು ಬ್ಯಾಟಿನ ಹಿಡಿಯ ತುದಿಗೆ ಸಿಕ್ಕಿಸಿದರೆ, ನೀಲಿ ದೀಪ ಮಿಟುಕಿಸುತ್ತ ನಿಮ್ಮ ಬೀಸನ್ನು ಅಳೆದು, ಎಷ್ಟು ಬೇಗ, ಎಷ್ಟು ಲೇಟ್ ಎಂದು ಫೋನಿಗೆ ಕಳಿಸುತ್ತದೆ. ಲೆಕ್ಕವೆಲ್ಲ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ.

"ಐವತ್ತರ ಒಳಗೆ ಬಂದ್ರೆ ನಾಲ್ಕನೇ ಬ್ಯಾಟು, ಅಂದ್ರೆ ದೊಡ್ಡ ಹೊಡೆತದವರ ಜಾಗ, ನಿಮ್ಮದೇ," ಎಂದರು ನಿರ್ದೇಶಕರು. "ರೀಡಿಂಗ್ ನನ್ನ ಫೋನಿಗೂ ಬರುತ್ತೆ."

ಅಳತೆಯ ಸಾಧನ ಎಂದರೆ ತಕ್ಕಡಿಯಣ್ಣನಿಗೆ ದೇವರಿಗಿಂತ ಒಂದು ಕೈ ಮೇಲೆ. ಎರಡೂ ಕೈ ಚಾಚಿ ತೆಗೆದುಕೊಂಡರು. ಹೊರಗೆ ಬಂದು ನನ್ನ ಕಿವಿಯಲ್ಲಿ, "ಮನೇಲಿ ಗೊತ್ತಾಗಬಾರದು ಕಣೋ," ಎಂದರು.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅವರಿಗೆ ಗೇರ್ ಸೈಕಲ್ಲಿನ ಹುಚ್ಚು ಹಿಡಿದಿತ್ತು. ಏಳನೇ ಗೇರಿನಲ್ಲಿ ಹೋಗಿ ಪಕ್ಕದ ಮನೆಯ ಗೇಟಿಗೆ ಗುದ್ದಿ ಆರು ವಾರ ಪ್ಲಾಸ್ಟರಿನಲ್ಲಿ ಮಲಗಿದ್ದರು. ಆರು ವಾರ ಅವರ ಬಾಯಿಗೆ ಚಮಚ ಹಿಡಿದ ಅವರ ಹೆಂಡತಿ, ನಮಗೆಲ್ಲ ಅತ್ತಿಗೆ, ಪ್ಲಾಸ್ಟರು ಬಿಚ್ಚಿದ ದಿನ ಅವರಿಂದ ಮಾತು ತೆಗೆದುಕೊಂಡಿದ್ದರು: ಇನ್ನು ಈ ವಯಸ್ಸಿನಲ್ಲಿ ಯಾವ ಸರ್ಕಸ್ಸೂ ಇಲ್ಲ.

ಆದ್ದರಿಂದ ಯಂತ್ರ, ಬ್ಯಾಟು ಎರಡೂ ನೇರವಾಗಿ ಅವರ ತಾರಸಿಯ ಮೇಲಿನ ಹಳೆ ಸಾಮಾನಿನ ಕೋಣೆಗೆ ಹೋದವು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ತಕ್ಕಡಿಯಣ್ಣ "ನೀರಿನ ಟ್ಯಾಂಕ್ ನೋಡಿ ಬರ್ತೀನಿ" ಎಂದು ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೊದಲ ಹತ್ತು ಬೀಸಿಗೆ ಫೋನು "ಬೀಸು ಕಂಡುಬಂದಿಲ್ಲ" ಎಂದಿತು. ಹನ್ನೊಂದನೆಯದಕ್ಕೆ ಕಂಡುಬಂತು: ನೂರ ತೊಂಬತ್ತು ಲೇಟ್. ಅಷ್ಟು ಹೊತ್ತಿಗೆ ನಿಜವಾದ ಚೆಂಡು ಹಿಂದೆ ಕೂತು ಹಿಡಿಯುವವನ ಕೈಸೇರಿ ವಿಶ್ರಾಂತಿ ತೆಗೆದುಕೊಳ್ಳುತ್ತಿರುತ್ತದೆ.

ಕಚೇರಿಯಲ್ಲಿ ಅವರೇ ನನಗೆ ಇದನ್ನೆಲ್ಲ ಹೇಳಿ, "ಸ್ಕೋರು ಬರೀತಿದ್ದೆ ಅಂತ ಅವತ್ತೇ ಹೇಳಿಬಿಡಬೇಕಿತ್ತು," ಎಂದು ನಿಟ್ಟುಸಿರು ಬಿಟ್ಟರು.

"ಈಗ ಹೇಳಿ."

"ಈಗಲೂ ಲೇಟೇ," ಎಂದರು.

ಮನೆಯಲ್ಲಿ ಏನಾಗುತ್ತಿತ್ತು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಮೇಲೆ ಅತ್ತಿಗೆಯ ಬಾಯಿಂದಲೇ ಕೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭಾನುವಾರ ಮಧ್ಯಾಹ್ನ ಊಟ ಮಾಡಿ ತಕ್ಕಡಿಯಣ್ಣ ಮಲಗಿದ್ದರು. ಬ್ಯಾಟಿನ ಬಿಲ್ಲೆಯನ್ನು ತೆಗೆದು ಅಂಗಿಯ ಎಡಜೇಬಿನಲ್ಲಿ ಇಟ್ಟುಕೊಂಡದ್ದು ಮರೆತಿತ್ತು. ತೆಳ್ಳನೆಯ ಬಿಳಿ ಅಂಗಿ. ಅತ್ತಿಗೆ ಹೊದಿಕೆ ಹೊದಿಸಲು ಬಗ್ಗಿದರೆ, ಗಂಡನ ಎದೆಯ ಎಡಭಾಗದಲ್ಲಿ ನೀಲಿ ಬೆಳಕು ಮಿಟುಕುತ್ತಿದೆ!

ಎದ್ದ ಮೇಲೆ, "ಏನ್ರೀ ಅದು ಎದೆ ಹತ್ರ?" ಎಂದು ಕೇಳಿದರು.

ತಕ್ಕಡಿಯಣ್ಣ ಜೇಬಿನ ಮೇಲೆ ಕೈ ಮುಚ್ಚಿಕೊಂಡು, "ಏನಿಲ್ಲ, ಸಾಹೇಬರು ಕೊಟ್ಟಿದ್ದು. ಟೈಮಿಂಗ್ ನೋಡೋಕೆ," ಎಂದು ಎದ್ದು ಹೋದರು.

ಅವತ್ತು ಸಂಜೆ ಅತ್ತಿಗೆ ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತಿ, ತಾರಸಿ ಕೋಣೆಯ ಬಾಗಿಲಿಗೆ ಕಿವಿಯಿಟ್ಟರು. ಒಳಗಿಂದ ಟಿಕ್, ಟಿಕ್, ಟಿಕ್, ಟಿಕ್... ಪೀಂ! ಅದರ ಹಿಂದೆಯೇ ಗಂಡನ ದನಿ: "ಹುಫ್... ಅಯ್ಯಪ್ಪಾ!" ಮತ್ತೆ ಟಿಕ್, ಟಿಕ್, ಟಿಕ್... ಪೀಂ! "ಹುಫ್..." ಇಂಥ ಸದ್ದು ಅವರು ಒಂದೇ ಕಡೆ ಕೇಳಿದ್ದರು: ಸಿನಿಮಾದಲ್ಲಿ, ನಾಯಕನ ತಂದೆ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುವಾಗ.

ಸೋಮವಾರ ಗಂಡ ಕಚೇರಿಗೆ ಹೋದ ಮೇಲೆ ಅತ್ತಿಗೆ ಅವರ ಮೇಜಿನ ಡ್ರಾಯರು ಎಳೆದರು. ಅಲ್ಲೊಂದು ಡೈರಿ. ಅಳತೆ ಇಲಾಖೆಯವರ ಕೈಗೆ ಅಳತೆ ಸಿಕ್ಕರೆ ಬರೆದಿಡದೆ ಇರುತ್ತಾರೆಯೇ? ದುಂಡಗಿನ ಅಕ್ಷರದಲ್ಲಿ ಹೀಗಿತ್ತು:

"ಶನಿವಾರ ಸಂಜೆ 190 ಎಲ್. ಭಾನುವಾರ ಬೆಳಿಗ್ಗೆ 210 ಎಲ್, ಬಹಳ ಕೆಟ್ಟದ್ದು. ಎಡ ಭುಜ ಬೀಳುತ್ತಿದೆ. ಕಣ್ಣು ತಡವಾಗಿ ಕೆಲಸ ಮಾಡುತ್ತಿದೆ. ಭಾನುವಾರ ಸಂಜೆ 185 ಎಲ್. ಆಚೆ ವಾರದ ಶನಿವಾರದೊಳಗೆ ಐವತ್ತಕ್ಕೆ ಇಳಿಯದಿದ್ದರೆ ನನ್ನ ಕಥೆ ಮುಗಿದಂತೆ. ಇವಳಿಗೆ ಹೇಳಬಾರದು."

ಅತ್ತಿಗೆ ಡೈರಿ ಹಿಡಿದು ಕೆಳಮನೆಯ ನರ್ಸಮ್ಮನ ಹತ್ತಿರ ಓಡಿದರು. ನರ್ಸಮ್ಮ ಮೂವತ್ತೆಂಟು ವರ್ಷ ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇದು ಹೃದಯದ ವಿಷಯವಲ್ಲವೇ ಎಂದರೆ, "ಕಣ್ಣಿಂದ ಹೃದಯಕ್ಕೆ ಎಷ್ಟು ದೂರ? ಒಂದೂವರೆ ಅಡಿ," ಎಂದು ಕನ್ನಡಕ ಏರಿಸಿದರು.

"ಈ 'ಎಲ್' ಅಂದ್ರೆ ಏನಕ್ಕಾ?"

"ಎಲ್ ಅಂದ್ರೆ ಲೆಫ್ಟ್. ಎಡಗಡೆ. ಹೃದಯ ಇನ್ನೆಲ್ಲಿರುತ್ತೆ?" ನರ್ಸಮ್ಮ ಇನ್ನೊಮ್ಮೆ ಓದಿದರು. "ಭುಜ ಬೀಳ್ತಿದೆ, ಕಣ್ಣು ತಡ... ಪಾಪ, ಎಲ್ಲಾ ಒಟ್ಟಿಗೇ ಹಿಡ್ಕೊಂಡಿದೆ. ನೋಡಮ್ಮ, ನಿಂಗೆ ಗೊತ್ತಾಗಿದೆ ಅಂತ ಅವರಿಗೆ ತಿಳೀಬಾರದು. ಇಂಥವರಿಗೆ ಶಾಕ್ ಆದ್ರೆ ಅಲ್ಲೇ ಹೋಗ್ಬಿಡ್ತಾರೆ. ನಗ್ತಾ ಇರು. ಉಪ್ಪು ಬಿಡಿಸು. ಎಣ್ಣೆ ಬಿಡಿಸು. ಭಾರ ಎತ್ತೋಕೆ ಬಿಡಬೇಡ."

ಮರುದಿನದಿಂದ ಆ ಮನೆಯ ಹವಾಮಾನವೇ ಬದಲಾಯಿತು. ಬೇಯಿಸಿದ ತರಕಾರಿ. ಹಣ್ಣು. ಕಾಲಿಗೆ ಬಿಸಿನೀರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ತಕ್ಕಡಿಯಣ್ಣ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೂ ಮನೆಯಲ್ಲಿ ಸದ್ದಿಲ್ಲ. ಬಕೆಟ್ ಎತ್ತಲು ಬಗ್ಗಿದರೆ ಅತ್ತಿಗೆ ಓಡಿಬಂದು ಕಸಿದುಕೊಳ್ಳುವರು. ಎದುರಿಗೆ ಸದಾ ನಗು.

ತಕ್ಕಡಿಯಣ್ಣ ಇದನ್ನು ತಮ್ಮದೇ ತಕ್ಕಡಿಯಲ್ಲಿ ತೂಗಿದರು. ಗುರುವಾರ ನನ್ನ ಹತ್ತಿರ ಕುರ್ಚಿ ಎಳೆದುಕೊಂಡು ಬಂದು, "ಅವಳಿಗೆ ಎಲ್ಲಾ ಗೊತ್ತಾಗಿದೆ ಕಣೋ," ಎಂದರು. ಅವರ ಕಣ್ಣಲ್ಲಿ ನೀರಿತ್ತು.

"ಬೈದ್ರಾ?"

"ಬೈಯೋದಾ! ಆಟಗಾರರಿಗೆ ಕೊಡೋ ಊಟ ಕೊಡ್ತಿದಾಳೆ. ಬಾಯಿ ಬಿಟ್ಟು ಒಂದು ಮಾತು ಹೇಳಲ್ಲ. ನಾನೂ ಕೇಳಿಲ್ಲ. ಕೇಳಿದ್ರೆ ಕೊಟ್ಟ ಮಾತಿನ ವಿಷಯ ಬರುತ್ತಲ್ಲ."

ಹೀಗೆ ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ, ಒಬ್ಬರನ್ನೊಬ್ಬರು ನೋಡಿ ನಗುತ್ತ ವಾರ ಕಳೆದರು. ಹೊರಗಿನಿಂದ ನೋಡಿದವರು ಎಂಥ ಅನ್ಯೋನ್ಯ ದಾಂಪತ್ಯ ಎಂದುಕೊಂಡಿರಬೇಕು.

ಎರಡನೆಯ ವಾರ ಅತ್ತಿಗೆಯ ಅಣ್ಣ ಬಂದಿಳಿದರು. ತಕ್ಕಡಿಯಣ್ಣನಿಗೆ ಇವರು ಭಾವ, ಇವರ ಬಾಯಲ್ಲಿ ಅವರೂ ಭಾವ. ಅಗ್ನಿಶಾಮಕ ದಳದಲ್ಲಿ ದೊಡ್ಡ ಹುದ್ದೆಯಿಂದ ನಿವೃತ್ತರಾದರೂ ಕೊರಳಿನ ಸೀಟಿ ನಿವೃತ್ತವಾಗಿರಲಿಲ್ಲ. "ಸುಮ್ನೆ ನೋಡಿ ಹೋಗೋಣ ಅಂತ ಬಂದೆ ಭಾವ," ಎಂದು ತಕ್ಕಡಿಯಣ್ಣನ ಕೈಕುಲುಕುವ ನೆಪದಲ್ಲಿ ನಾಡಿ ಹಿಡಿದು ನೋಡಿದರು. ತಕ್ಕಡಿಯಣ್ಣ ಕಚೇರಿಗೆ ಹೊರಟ ಕೂಡಲೇ ಕೆಲಸ ಶುರು. ಟೇಪು ಹಿಡಿದು ಮೆಟ್ಟಿಲಿನ ಅಗಲ ಅಳೆದರು. ಹಳೆಯ ಸ್ನೇಹಿತರಿಂದ ಒಂದು ಸ್ಟ್ರೆಚರ್ ತರಿಸಿ ಮಂಚದ ಕೆಳಗೆ ತಳ್ಳಿದರು. ರೋಗಿಯನ್ನು ಹಾಸಿಗೆಯಿಂದ ಬೀದಿಗೆ ಇಳಿಸಲು ಎಷ್ಟು ಹೊತ್ತು ಬೇಕೆಂದು ತಿಳಿಯಬೇಕಲ್ಲ? ನರ್ಸಮ್ಮನನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಪಾತ್ರೆ ತೊಳೆಯುವ ಹೆಂಗಸನ್ನು ಇನ್ನೊಂದು ತುದಿಗೆ ನಿಲ್ಲಿಸಿ, ಸೀಟಿ ಊದಿ ಮೂರು ಸಲ ಇಳಿಸಿ ಹತ್ತಿಸಿದರು.

"ಎರಡು ನಿಮಿಷ ನಲವತ್ತು ಸೆಕೆಂಡ್!" ಭಾವ ತಲೆಯಾಡಿಸಿದರು. "ಸಾಲದು. ಇನ್ನೊಂದ್ಸಲ."

"ನಂಗೆ ತಲೆ ತಿರುಗ್ತಿದೆ," ಎಂದರು ಸ್ಟ್ರೆಚರ್ ಮೇಲಿನ ನರ್ಸಮ್ಮ.

"ರೋಗಿ ಮಾತಾಡಬಾರದು."

ಒಬ್ಬ ಡಾಕ್ಟರನ್ನೂ ಭಾವ ಗೊತ್ತು ಮಾಡಿದ್ದರು. ಮೆತ್ತಗಿನ ಮನುಷ್ಯ. ಎಲ್ಲ ಕೇಳಿದ ಮೇಲೆ ಅವರು, "ನಾನೊಂದ್ಸಲ ಅವರ ಎದೆ ಪರೀಕ್ಷೆ ಮಾಡಿದ್ರೆ ಆಗಲ್ವಾ?" ಎಂದು ಕೇಳಿದರಂತೆ.

"ಅದೆಲ್ಲಾದ್ರೂ ಉಂಟಾ ಡಾಕ್ಟ್ರೇ? ಪರೀಕ್ಷೆ ಮಾಡಿದ್ರೆ ರೋಗಿಗೆ ಅನುಮಾನ ಬರುತ್ತೆ!" ಎಂದು ಭಾವ ಅವರನ್ನು ಗದರಿಸಿ ಕೂರಿಸಿದರು. ಡಾಕ್ಟರು ಕೂತರು.

ಗುರುವಾರ ನಾನು ನಿರ್ದೇಶಕರ ಕೋಣೆಯಲ್ಲಿ ಕಡತ ಹಿಡಿದು ನಿಂತಿದ್ದಾಗ ಫೋನು ಬಂತು. ಮುದ್ರೆ ವಿಭಾಗದವರ ಮನೆಯವರು ಎಂದು ತಿಳಿದ ಕೂಡಲೇ ನಿರ್ದೇಶಕರ ಮುಖ ಅರಳಿತು. ಒಂದು ಕಡೆಯ ಮಾತು ನಾನೇ ಕೇಳಿದೆ. ಇನ್ನೊಂದು ಕಡೆಯದನ್ನು ಅತ್ತಿಗೆ ಆಮೇಲೆ ತುಂಬಿಸಿಕೊಟ್ಟರು.

"ಸಾರ್, ಅವರ ವಿಷಯ ನಂಗೆಲ್ಲಾ ಗೊತ್ತಾಗಿದೆ," ಎಂದರು ಅತ್ತಿಗೆ.

"ಓ, ಗೊತ್ತಾಯ್ತಾ! ಒಳ್ಳೇದಾಯ್ತು ಬಿಡಿ. ಮನೆಯವರ ಹತ್ರ ಮುಚ್ಚಿಡೋ ವಿಷಯಾನಾ ಅದು?"

"ಆ ಮಿಷಿನ್ ನೀವೇ ಕೊಟ್ಟಿದ್ದಾ ಸಾರ್?"

"ನಾನೇ. ದಿನಾ ರೀಡಿಂಗ್ ನನ್ನ ಫೋನಿಗೆ ಬರುತ್ತೆ. ಊಟ ಬಿಟ್ಟರೂ ಅದು ನೋಡೋದು ಬಿಡಲ್ಲ."

ಇಂಥ ಮೇಲಧಿಕಾರಿಯೂ ಇರುತ್ತಾರೆಯೇ ಎಂದು ಅತ್ತಿಗೆ ಫೋನು ಹಿಡಿದೇ ಕೈಮುಗಿದರು. "ಹೇಗಿದೆ ಸಾರ್? ನಿಜ ಹೇಳಿಬಿಡಿ."

"ನಿಜ ಹೇಳಬೇಕು ಅಂದ್ರೆ ಅಷ್ಟು ಚೆನ್ನಾಗಿಲ್ಲ ಮೇಡಂ. ನೂರ ಹತ್ತಕ್ಕೆ ಇಳಿದಿದೆ, ಆದ್ರೆ ನೆಚ್ಚಿಕೊಳ್ಳೋ ಹಾಗಿಲ್ಲ. ವಯಸ್ಸಾಯ್ತಲ್ಲ."

"ನಲವತ್ತೊಂಬತ್ತು ಒಂದು ವಯಸ್ಸಾ ಸಾರ್?"

"ಬೇರೆಯವರು ಮೂವತ್ತೈದಕ್ಕೇ ಮುಗಿಸಿರ್ತಾರೆ ಮೇಡಂ. ಇವರು ಇನ್ನೂ ನಿಂತಿದಾರಲ್ಲ, ಅದಕ್ಕೆ ಸಂತೋಷಪಡಿ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು.

"ಹಲೋ? ನೀವು ಧೈರ್ಯವಾಗಿರಿ. ಶನಿವಾರ ಹತ್ತು ಗಂಟೆಗೆ ಎಲ್ಲಾ ತೀರ್ಮಾನ ಆಗಿಬಿಡುತ್ತೆ. ಅವರು ಹೋದ್ರೂ ಚಿಂತೆ ಇಲ್ಲ, ಅವರ ಜಾಗಕ್ಕೆ ಇನ್ನೊಬ್ಬನ್ನ ರೆಡಿ ಇಟ್ಟಿದೀನಿ. ಚಿಕ್ಕ ವಯಸ್ಸು, ಗಟ್ಟಿಮುಟ್ಟಾಗಿದಾನೆ. ನಿಮಗೂ ಇಷ್ಟ ಆಗ್ತಾನೆ."

"ಎಂಥಾ ಮಾತಾಡ್ತಿದೀರಾ ಸಾರ್!"

"ಶನಿವಾರ ನೀವೇ ಬಂದು ನೋಡಿ. ದೊಡ್ಡಾಸ್ಪತ್ರೆ ಹಿಂದೆ. ಮನೆಯವರೆಲ್ಲ ಬನ್ನಿ, ಕೊನೇ ಹೊತ್ತಲ್ಲಿ ಮನೆಯವರ ಮುಖ ಕಂಡ್ರೆ ಅವರಿಗೂ ಒಂದು ಸಮಾಧಾನ."

ನಿರ್ದೇಶಕರು ಫೋನು ಇಟ್ಟು ನನ್ನ ಕಡೆ ತಿರುಗಿದರು. "ಎಂಥಾ ಹೆಂಗಸು ರೀ! ಗಂಡನ ಬ್ಯಾಟಿಂಗಿಗೋಸ್ಕರ ಅಳ್ತಿದಾರೆ!"

ದೊಡ್ಡಾಸ್ಪತ್ರೆಯ ಹಿಂದೆ ಇರುವುದು ಮೈದಾನ. ಆದರೆ ಅತ್ತಿಗೆ ನರ್ಸಮ್ಮನನ್ನು ಕೇಳಿದರು. ಆಸ್ಪತ್ರೆಯ ಹಿಂದುಗಡೆ ಸಾಮಾನ್ಯವಾಗಿ ಏನಿರುತ್ತದೆ ಎಂಬುದು ಮೂವತ್ತೆಂಟು ವರ್ಷದ ಅನುಭವಸ್ಥೆಗೆ ಗೊತ್ತಿರದೆ ಇರುತ್ತದೆಯೇ? ನರ್ಸಮ್ಮ ಅತ್ತಿಗೆಯ ಕೈ ಹಿಡಿದುಕೊಂಡರು, ಅಷ್ಟೆ.

ಶನಿವಾರ ಬೆಳಿಗ್ಗೆ ತಕ್ಕಡಿಯಣ್ಣ "ಕಚೇರೀಲಿ ಸ್ವಲ್ಪ ಹೆಚ್ಚಿನ ಕೆಲಸ" ಎಂದು ಚೀಲ ಹೆಗಲಿಗೇರಿಸಿದರು. ಅತ್ತಿಗೆ ಬಾಗಿಲ ತನಕ ಬಂದು, ಕಾಲರು ಸರಿಮಾಡಿ, ಮತ್ತೊಮ್ಮೆ ಸರಿಮಾಡಿ, "ಹುಷಾರು ರೀ," ಎಂದರು. ತಕ್ಕಡಿಯಣ್ಣ ಅರ್ಥಗರ್ಭಿತವಾಗಿ ನಕ್ಕು, "ನಿಂಗೋಸ್ಕರ ಮಾಡ್ತೀನಿ," ಎಂದು ಇಳಿದು ಹೋದರು. ಅತ್ತಿಗೆ ಒಳಗೆ ಓಡಿ ಮಂಚದ ಕೆಳಗಿನ ಸ್ಟ್ರೆಚರನ್ನು ಎಳೆದರು.

ಮೈದಾನದಲ್ಲಿ ಇನ್ನೂರು ಜನ ಸೇರಿದ್ದರು. ಅಂಚೆ ಕಚೇರಿಯ ಪಿಚರ್, ಅಂದರೆ ಚೆಂಡು ಎಸೆಯುವವನು, ಪಾರ್ಸೆಲ್ ವಿಭಾಗದ ದೈತ್ಯ. ಮೂಟೆ ಎಸೆದು ಎಸೆದು ಪಳಗಿದ ಕೈ. ನಮ್ಮ ಮೊದಲ ಮೂವರಲ್ಲಿ ಇಬ್ಬರು ಬ್ಯಾಟು ಎತ್ತುವುದರೊಳಗೆ ಔಟ್. ಒಬ್ಬರಿಗೆ ಬೆನ್ನಿಗೆ ಪೆಟ್ಟು ಬಿದ್ದದ್ದಕ್ಕೆ ಮೊದಲ ಬೇಸು ಸಿಕ್ಕಿತು. ನಾಲ್ಕನೆಯವರಾಗಿ ತಕ್ಕಡಿಯಣ್ಣ ಮುಂದೆ ಹೋದರು. ಮೊಣಕಾಲಿನ ಮೇಲಿನ ಚಡ್ಡಿ, ತಲೆಗೆ ಹೆಲ್ಮೆಟ್ಟು. ಹಿಂದಿನ ದಿನದ ಅವರ ರೀಡಿಂಗ್ ಎಂಬತ್ತು ಲೇಟ್; ಆದರೂ ನಿರ್ದೇಶಕರು ಆ ಜಾಗ ಅವರಿಗೇ ಕೊಟ್ಟಿದ್ದರು.

ಮೊದಲ ಚೆಂಡು ಬಂತು, ಹೋಯಿತು. ಆಮೇಲೆ ತಕ್ಕಡಿಯಣ್ಣ ಬೀಸಿದರು. ಜನ ನಕ್ಕರು. ಎರಡನೆಯದೂ ಹಾಗೆಯೇ. ನಿರ್ದೇಶಕರು ಟೋಪಿ ತೆಗೆದು ತಮ್ಮ ಮುಖದ ಮೇಲೆ ಮುಚ್ಚಿಕೊಂಡರು.

ಅದೇ ಹೊತ್ತಿಗೆ ಆಸ್ಪತ್ರೆಯ ಹಿತ್ತಿಲ ಗೇಟಿನಿಂದ ಒಂದು ಮೆರವಣಿಗೆ ಮೈದಾನದೊಳಗೆ ಬಂತು. ಮುಂದೆ ಭಾವ, ಸ್ಟ್ರೆಚರಿನ ಒಂದು ತುದಿ ಹಿಡಿದು, ಹಿಂದಿನ ತುದಿಯಲ್ಲಿ ಮನಸ್ಸಿಲ್ಲದ ಡಾಕ್ಟರು, ಪಕ್ಕದಲ್ಲಿ ನರ್ಸಮ್ಮ, ಎಲ್ಲರಿಗಿಂತ ಮುಂದೆ ಓಡುತ್ತ ಅತ್ತಿಗೆ. ಅವರು ಶವಾಗಾರದ ಬಾಗಿಲು ಹುಡುಕುತ್ತ ಬಂದವರು. ಅವರಿಗೆ ಕಂಡದ್ದು, ಇನ್ನೇನು ಎದೆಬಡಿತ ನಿಲ್ಲಲಿರುವ ಗಂಡ ಚಡ್ಡಿ ಹಾಕಿ ಬಿಸಿಲಲ್ಲಿ ನಿಂತಿರುವುದು, ಒಬ್ಬ ದೈತ್ಯ ಅವರ ಮೇಲೆ ಕಲ್ಲಿನಂಥ ಚೆಂಡು ಎಸೆಯಲು ಕೈ ಎತ್ತಿರುವುದು.

ಅತ್ತಿಗೆ ಕಿರುಚಿದರು: "ರೀ...! ಬೇಡಾ...!"

ಇಪ್ಪತ್ತೆರಡು ವರ್ಷದಿಂದ ಆ ದನಿಗೆ ಬೆಚ್ಚಿ ಅಭ್ಯಾಸವಾದ ಮೈ. ಬೆಚ್ಚಿತು. ಬೆಚ್ಚಿದ್ದು ಬ್ಯಾಟಿನೊಳಗೆ ಇಳಿಯಿತು. ಚೆಂಡು ಕಾಣುವ ಮೊದಲೇ ಬ್ಯಾಟು ಬೀಸಿತ್ತು, ಚೆಂಡು ಬಂದು ಅದಕ್ಕೆ ಬಡಿಯಿತು. ಟಣ್!

ಚೆಂಡು ಎಲ್ಲರ ತಲೆಯ ಮೇಲೆ ಹಾರಿತು. ಇನ್ನೂರು ಜನ ಎದ್ದು ನಿಂತು ಕೂಗಿದರು: "ಓಡಿ! ಓಡಿ!"

"ಓಡಬೇಡಿ!" ಎಂದರು ಅತ್ತಿಗೆ.

"ಒಂದು ಹೆಜ್ಜೆ ಇಡಬೇಡಿ ಭಾವ!" ಎಂದು ಭಾವ ಸೀಟಿ ಊದಿದರು.

"ಎಡಗಡೆ! ಎಡಗಡೆಗೆ ಭಾರ ಬಿಡಬೇಡಿ!" ಎಂದರು ನರ್ಸಮ್ಮ.

ತಕ್ಕಡಿಯಣ್ಣ ಎರಡು ಹೆಜ್ಜೆ ಓಡಿದರು, ನಿಂತರು, ತಿರುಗಿ ನೋಡಿದರು. ಸ್ಟ್ರೆಚರು ಹಿಡಿದು ಭಾವ ಅವರ ಮೇಲೆಯೇ ಬರುತ್ತಿದ್ದಾರೆ. ಹೆಂಡತಿಗೆ ಕೊಟ್ಟ ಮಾತು ಮುರಿದದ್ದಕ್ಕೆ ಭಾವ ಶಿಕ್ಷೆ ಕೊಡಲು ಬರುತ್ತಿದ್ದಾರೆ, ಹೊಡೆದ ಮೇಲೆ ಹೊತ್ತು ಹಾಕಲು ಸ್ಟ್ರೆಚರನ್ನೂ ತಂದಿದ್ದಾರೆ ಎಂದೇ ಅವರು ತಿಳಿದದ್ದು. ಓಟ ಕಿತ್ತರು. ಮೊದಲ ಬೇಸು, ಎರಡನೇ ಬೇಸು, ಹಿಂದೆ ಸ್ಟ್ರೆಚರು. ಚೆಂಡು ಹಿಡಿಯಲು ಓಡಿಬಂದ ಅಂಚೆಯವರೊಬ್ಬರು ಡಾಕ್ಟರಿಗೆ ಡಿಕ್ಕಿ ಹೊಡೆದು ಇಬ್ಬರೂ ಸ್ಟ್ರೆಚರ್ ಮೇಲೆ ಬಿದ್ದರು. ಮೂರನೇ ಬೇಸು. ಕೊನೆಗೆ ಹೊರಟ ಜಾಗಕ್ಕೇ ಬಂದು, ಅಲ್ಲಿ ನಿಂತಿದ್ದ ಹೆಂಡತಿಯ ಕಾಲ ಬಳಿ ಬಿದ್ದರು.

ಅಂಪೈರ್ ಆಗಿದ್ದವರು ಶಾಲೆಯ ಡ್ರಿಲ್ ಮೇಷ್ಟ್ರು. ನಿಯಮದ ಪುಸ್ತಕ ತೆಗೆದು ಪುಟ ಮಗುಚತೊಡಗಿದರು. "ಮೈದಾನಕ್ಕೆ ನಾಯಿ ಬಂದ್ರೆ ಏನು ಅಂತ ಇದೆ. ಹಕ್ಕಿಗೆ ಚೆಂಡು ತಗಲಿದ್ರೆ ಏನು ಅಂತ ಇದೆ. ಸ್ಟ್ರೆಚರ್ ಬಂದ್ರೆ..." ಅವರು ತಲೆ ಕೆರೆದುಕೊಂಡರು. "ಸ್ಟ್ರೆಚರಿನ ಬಗ್ಗೆ ಏನೂ ಬರೆದಿಲ್ಲ."

ಅವರು ಓದುತ್ತಿರಲಿ. ಇತ್ತ ಡಾಕ್ಟರು ಸ್ಟ್ರೆಚರಿನಿಂದ ಎದ್ದು ಬಂದು, ಆ ವಾರದಲ್ಲಿ ಮೊದಲ ಸಲ ಯಾರ ಅಪ್ಪಣೆಯನ್ನೂ ಕೇಳದೆ, ತಕ್ಕಡಿಯಣ್ಣನ ಎದೆಗೆ ಸ್ಟೆತಸ್ಕೋಪು ಒತ್ತಿದರು. ಅತ್ತಿಗೆ ಕಣ್ಣು ಮುಚ್ಚಿಕೊಂಡಿದ್ದರು.

"ಓಡಿದ್ದಕ್ಕೆ ಬಡೀತಿದೆ," ಎಂದರು ಡಾಕ್ಟರು. "ಅದು ಬಿಟ್ರೆ ಗಡಿಯಾರದ ಹಾಗಿದೆ. ಇವರಿಗೆ ಏನೂ ಆಗಿಲ್ಲ."

"ನಂಗೇನಾಗಬೇಕಿತ್ತು?" ಎಂದರು ತಕ್ಕಡಿಯಣ್ಣ, ಮಣ್ಣು ಉಗುಳುತ್ತ.

ಅತ್ತಿಗೆ ಸೆರಗಿನೊಳಗಿಂದ ಡೈರಿ ತೆಗೆದರು. "ಹಾಗಾದ್ರೆ ಇದೇನ್ರೀ? ನೂರ ತೊಂಬತ್ತು ಎಲ್. ಎಲ್ ಅಂದ್ರೇನು?"

"ಲೇಟ್."

"ಏನು ಲೇಟು?"

"ಬೀಸೋದು. ಚೆಂಡು ಹೋದ್ಮೇಲೆ ಬೀಸ್ತೀನಿ."

"ಕಥೆ ಮುಗಿದ ಹಾಗೆ ಅಂತ ಬರ್ದಿದೀರಲ್ಲ!"

"ಟೀಮಿಂದ ತೆಗೆದುಹಾಕ್ತಾರೆ ಅಂತ."

ಅತ್ತಿಗೆ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು. ಡೈರಿಯಿಂದ ಗಂಡನ ಹೆಗಲಿಗೆ ಒಂದು ಹೊಡೆದರು, ಇನ್ನೊಂದು ಹೊಡೆದರು, ಮೂರನೆಯದಕ್ಕೆ ಕೈ ಎತ್ತಿದವರು ಅದೇ ಹೆಗಲಿಗೆ ಹಣೆಯಿಟ್ಟು ಅಳತೊಡಗಿದರು. ಅಳು ಎಲ್ಲಿ ಮುಗಿಯಿತು, ನಗು ಎಲ್ಲಿ ಶುರುವಾಯಿತು ಎಂದು ನಮ್ಮ ಇಲಾಖೆಯ ಯಾವ ಸಾಧನದಿಂದಲೂ ಅಳೆಯಲಾಗುತ್ತಿರಲಿಲ್ಲ. ಭಾವ ಬೇರೆ ಕಡೆ ತಿರುಗಿ ಜೋರಾಗಿ ಮೂಗು ಒರೆಸಿಕೊಂಡರು. ನರ್ಸಮ್ಮ ಮಾತ್ರ, "ಆದ್ರೂ ಕಣ್ಣು ಒಂದ್ಸಲ ತೋರಿಸಿ," ಎಂದರು.

ಅಷ್ಟರಲ್ಲಿ ನಿರ್ದೇಶಕರು ಬಂದರು. ತಕ್ಕಡಿಯಣ್ಣ ಎದ್ದು ನಿಂತರು. ಹೇಳುವ ಗಳಿಗೆ ಇದಾಗಿರದಿದ್ದರೆ ಇನ್ನು ಯಾವುದೂ ಅಲ್ಲ ಎಂದು ಅವರಿಗೆ ಅನ್ನಿಸಿರಬೇಕು.

"ಸಾರ್, ಕಾಲೇಜಲ್ಲಿ ನಾನು ಆಡಿಲ್ಲ. ಸ್ಕೋರು ಬರೀತಿದ್ದೆ."

"ಗೊತ್ತು," ಎಂದರು ನಿರ್ದೇಶಕರು. "ಮೊದಲನೇ ದಿನವೇ ಗೊತ್ತಾಯ್ತು. ಬ್ಯಾಟು ಕೈಗೆ ಕೊಟ್ಟಾಗ ಅದನ್ನ ಪೆನ್ನಿನ ಹಾಗೆ ಹಿಡಿದಿದ್ರಿ."

"ಮತ್ತೆ ಯಾಕೆ ಸಾರ್ ಸುಮ್ನಿದ್ರಿ?"

"ದಿನಾ ಎರಡು ಹೊತ್ತು, ತಪ್ಪದೆ ರೀಡಿಂಗ್ ಕಳಿಸಿದವರು ನೀವೊಬ್ಬರೇ ಕಣ್ರೀ. ಉಳಿದವರು ಪೆಟ್ಟಿಗೇನೇ ತೆಗೆದಿಲ್ಲ." ನಿರ್ದೇಶಕರು ಉಳಿದವರಾದ ನಮ್ಮ ಕಡೆ ನೋಡಿದರು. ನಾವು ಆಕಾಶ ನೋಡಿದೆವು.

ಅಂಪೈರು ಕೊನೆಗೆ, ಸ್ಟ್ರೆಚರು ಬಂದು ಸೇರಿದ್ದು ಮೊದಲ ಬೇಸಿನ ಹತ್ತಿರ, ಆದ್ದರಿಂದ ಅಲ್ಲಿಯವರೆಗಿನದು ಮಾತ್ರ ಸರಿ ಎಂದು ತೀರ್ಪು ಕೊಟ್ಟರು. ತಕ್ಕಡಿಯಣ್ಣನ ಬದಲಿಗೆ ಗಟ್ಟಿಮುಟ್ಟಾದ ಆ ಚಿಕ್ಕ ವಯಸ್ಸಿನವನು ಹೋಗಿ ಬೇಸಿನ ಮೇಲೆ ನಿಂತ. ಮಧ್ಯಾಹ್ನದ ಹೊತ್ತಿಗೆ ನಾವು ಒಂಬತ್ತು ರನ್ನಿನಿಂದ ಸೋತೆವು. ಇಷ್ಟು ಹಗುರಾದ ಮನಸ್ಸಿನಿಂದ ಸೋತ ತಂಡವನ್ನು ನಾನು ಎಲ್ಲೂ ನೋಡಿಲ್ಲ. ಭಾವ ಪಾರ್ಸೆಲ್ ದೈತ್ಯನನ್ನು ತಬ್ಬಿಕೊಂಡು, ಅಗ್ನಿಶಾಮಕ ದಳಕ್ಕೆ ಸೇರು ಎಂದು ಕಿವಿಮಾತು ಹೇಳುತ್ತಿದ್ದರು.

ಸಂಜೆ ಬಸ್ಸಿನಲ್ಲಿ ಗಂಡ ಹೆಂಡತಿ ಕಿಟಕಿ ಪಕ್ಕ ಕೂತಿದ್ದರು. ನನ್ನ ಮನೆ ಕೊನೆಯ ನಿಲ್ದಾಣದ ಹತ್ತಿರ. ಅವರ ಹಿಂದಿನ ಸೀಟಿನಲ್ಲಿ ನಾನಿದ್ದೆ.

"ಎರಡು ವಾರದಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ," ಎಂದರು ಅತ್ತಿಗೆ. "ನಿಮ್ಮ ಗೊರಕೆ ನಿಂತಾಗೆಲ್ಲ ಎದ್ದು ಮೂಗಿನ ಹತ್ರ ಕೈಯಿಟ್ಟು ನೋಡ್ತಿದ್ದೆ."

ತಕ್ಕಡಿಯಣ್ಣ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಇನ್ನೆರಡು ತಿರುವು ಕಳೆಯುವುದರೊಳಗೆ ಅತ್ತಿಗೆಯ ತಲೆ ಅವರ ಹೆಗಲ ಮೇಲಿತ್ತು. ಗಾಢ ನಿದ್ದೆ.

ಅವರ ನಿಲ್ದಾಣ ಬಂತು. ನಾನು ಹಿಂದಿನಿಂದ ಬೆನ್ನು ತಟ್ಟಿದೆ. ತಕ್ಕಡಿಯಣ್ಣ ತಲೆಯನ್ನಷ್ಟೇ ತಿರುಗಿಸಿ, ತುಟಿಯ ಮೇಲೆ ಬೆರಳಿಟ್ಟರು. ಬಸ್ಸು ಹೊರಟಿತು.

ಕೊನೆಯ ನಿಲ್ದಾಣದಲ್ಲಿ ಉಳಿದವರೆಲ್ಲ ಇಳಿದರು. ಕಂಡಕ್ಟರ್ ಬಂದು, "ಇಳೀರಿ ಸಾರ್, ಇಲ್ಲಿಗೇ ಕೊನೆ," ಎಂದ.

"ಇದೇ ಬಸ್ಸು ವಾಪಸ್ ಹೋಗುತ್ತಾ?" ಎಂದು ತಕ್ಕಡಿಯಣ್ಣ ಪಿಸುಗುಟ್ಟಿದರು.

"ಹೋಗುತ್ತೆ. ಹತ್ತು ನಿಮಿಷ ಆಗುತ್ತೆ."

"ಆಗ್ಲಿ. ಎರಡು ಟಿಕೆಟ್ ಕೊಡಿ. ಸ್ವಲ್ಪ ಮೆತ್ತಗೆ ಹರೀರಿ."